ಪೈಪ್ ಮೇಲೆ ತೊಡೆ ಉರುಳಿಸಿದರೆ ಜಿಗಿತ ಹೆಚ್ಚುತ್ತಾ? ನಮ್ಮ ಅಡುಗೆಕೋಣೆ ಗೋಡೆ ಬೇರೆ ಹೇಳುತ್ತಿದೆ

ಸಿರುಗುಪ್ಪ ಪಿಟಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಹತ್ತೊಂಬತ್ತು ವರ್ಷ ಆಯಿತು. ಊರಿನ ಹೆಸರು ಬೇಡ, ಸಿರುಗುಪ್ಪ ಕಡೆ, ಸುತ್ತಲೂ ಭತ್ತದ ಗದ್ದೆ ಅಂದುಕೊಳ್ಳಿ. ನಮ್ಮಲ್ಲಿ ಹುಡುಗಿಯರ ವಾಲಿಬಾಲ್ ಟೀಮು ಇದೆ. 14 ಜನ. ಅವರಲ್ಲೇ ನಾಲ್ಕು ಜನ ಹೈಜಂಪ್, ಲಾಂಗ್‌ಜಂಪ್‌ಗೂ ಹೆಸರು ಕೊಡುತ್ತಾರೆ. ಹೋಬಳಿ ಮಟ್ಟ ದಾಟುತ್ತೇವೆ, ತಾಲ್ಲೂಕಿನಲ್ಲಿ ಸೋತು ಬರುತ್ತೇವೆ. ಇದು ನಮ್ಮ ಇತಿಹಾಸ.

ಬೇಸಿಗೆ ರಜೆಯಲ್ಲಿ ಒಂದು ಶಿಬಿರಕ್ಕೆ ಹೋಗಿದ್ದೆ. ಅಲ್ಲಿಗೆ ಒಬ್ಬ ಹುಡುಗ ಕೋಚ್ ಬಂದಿದ್ದ. ಒಳ್ಳೆ ಹುಡುಗ, ಓದಿಕೊಂಡಿದ್ದ. ಫೋಮ್ ರೋಲರ್ ಅಂತ ಒಂದು ಉರುಟು ದಿಂಬಿನಂಥದ್ದು ತೋರಿಸಿದ. ನೆಲದ ಮೇಲಿಟ್ಟು, ಅದರ ಮೇಲೆ ತೊಡೆ ಇಟ್ಟು, ಮೈಭಾರ ಬಿಟ್ಟು ಹಿಂದೆ ಮುಂದೆ ಉರುಳಬೇಕು. "ಸರ್, ಜಿಗಿಯೋ ಮುಂಚೆ ಇದನ್ನ ಮಾಡಿಸಿ. ಫೇಶಿಯಾ, ಅಂದ್ರೆ ಸ್ನಾಯು ಸುತ್ತ ಇರೋ ಪೊರೆ, ಬಿಚ್ಚಿಕೊಳ್ಳುತ್ತೆ. ಎರಡು ಇಂಚು ಜಾಸ್ತಿ ಹಾರ್ತಾರೆ" ಎಂದ. ಎರಡು ಇಂಚು! ನಮ್ಮ ಸ್ಪೈಕರ್ ಕೈ ಎತ್ತಿ ನಿಂತರೆ 1.95 ಮೀಟರ್ ಮುಟ್ಟುತ್ತಾಳೆ. ಹೆಂಗಸರ ನೆಟ್ 2.24. ಅವಳಿಗೆ ಎರಡು ಇಂಚು ಅಂದರೆ ಬಾಲು ನೆಟ್ಟಿಗೆ ಬಡಿಯೋದಕ್ಕೂ ಆಚೆ ಕಡೆ ನೆಲಕ್ಕೆ ಬಡಿಯೋದಕ್ಕೂ ಇರುವ ವ್ಯತ್ಯಾಸ.

ಅಂಗಡಿ ರೋಲರ್ ಕೊಳ್ಳುವ ಮಾತೇ ಇಲ್ಲ. ನಮ್ಮ ಕ್ರೀಡಾ ದುಡ್ಡಿನಲ್ಲಿ ಎರಡು ಬಾಲು, ಒಂದು ನೆಟ್ಟು ಬಂದರೆ ಮುಗೀತು. ಬೋರ್‌ವೆಲ್ ಕೆಲಸದವರ ಹತ್ತಿರ ಉಳಿದಿದ್ದ ನಾಲ್ಕು ಇಂಚಿನ ಪಿವಿಸಿ ಪೈಪ್ ತಂದು ಒಂದೊಂದು ಮೊಳದ ಎರಡು ತುಂಡು ಕೊಯ್ದೆ. ಹರಿದ ಯೋಗ ಮ್ಯಾಟ್ ಸುತ್ತಿದೆ. ಮೇಲೆ ಹಳೆ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಕಟ್ಟಿದೆ. ಚೆನ್ನಾಗಿಯೇ ಬಂತು. ಹುಡುಗಿಯರು ಅದಕ್ಕೆ ಲಟ್ಟಣಿಗೆ ಅಂತ ಹೆಸರಿಟ್ಟರು. "ಸರ್, ಇವತ್ತು ನಮ್ಮನ್ನ ಚಪಾತಿ ಮಾಡ್ತೀರಾ?" ಎಂದು ಬೆಳಿಗ್ಗೆ ಬೆಳಿಗ್ಗೆ ಕೇಳುತ್ತಾರೆ.

ಅಳತೆಗೆ ಬಿಸಿಯೂಟದ ಅಡುಗೆಕೋಣೆಯ ಹಿಂದಿನ ಗೋಡೆ ಇದೆ. ಬೆರಳಿಗೆ ಸುಣ್ಣ ಹಚ್ಚಿಕೊಂಡು ನಿಂತಲ್ಲೇ ಒಂದು ಗೆರೆ, ಜಿಗಿದು ಒಂದು ಗೆರೆ. ನಡುವೆ ಟೇಪು. ಮೂರು ಸಲ ಜಿಗಿಸಿ ಹೆಚ್ಚಿನದನ್ನು ಬರೆದುಕೊಳ್ಳುತ್ತೇನೆ. ಸೋಮವಾರ ರೋಲರ್ ಇಲ್ಲದೆ, ಎರಡು ರೌಂಡ್ ಓಡಿಸಿ ಸೀದಾ ಜಿಗಿಸಿದೆ. ಗುರುವಾರ ಅದೇ ಎರಡು ರೌಂಡ್, ಆಮೇಲೆ ಲಟ್ಟಣಿಗೆ, ಆಮೇಲೆ ಜಿಗಿತ. ಬುಧವಾರ ಸಂಜೆ ಮಾಮೂಲಿನಂತೆ ಮ್ಯಾಚ್ ಆಡಿಸುತ್ತೇನೆ, ಅದನ್ನು ಬಿಟ್ಟಿಲ್ಲ. ಹೀಗೆ ಮೂರು ವಾರ.

ಲೆಕ್ಕ ನೋಡಿ. ಸೋಮವಾರ ಹೆಚ್ಚಿನವರು 30ರಿಂದ 36 ಸೆಂಟಿಮೀಟರ್. ಗುರುವಾರ ಒಂಬತ್ತು ಜನ ಕಡಿಮೆ ಹಾರಿದರು. ಕೆಲವರು 1, ಕೆಲವರು 3, ಒಬ್ಬಳು ಪೂರ್ತಿ 4 ಸೆಂಟಿಮೀಟರ್ ಕಡಿಮೆ. ನಾಲ್ಕು ಜನ ಅಷ್ಟಕ್ಕಷ್ಟೇ. ಒಬ್ಬಳು ಮಾತ್ರ ಮೂರೂ ಗುರುವಾರ 2 ಸೆಂಟಿಮೀಟರ್ ಜಾಸ್ತಿ. ಅವಳು ಟೀಮಿನಲ್ಲೇ ಚಿಕ್ಕವಳು, ಎಂಟನೇ ಕ್ಲಾಸು.

ಹೆಡ್‌ಮಾಸ್ತರು ಗೋಡೆ ನೋಡಿ, "ಏನ್ರೀ ಇದು, ಸುಣ್ಣ ಬಳಿಯೋದಾದ್ರೆ ಪೂರ್ತಿ ಬಳೀರಿ" ಎಂದರು. ಅದಿರಲಿ. ನಾನು ಉರುಳಿಸುವ ರೀತಿ ತಪ್ಪಾ? ಪೈಪ್ ಗಟ್ಟಿ ಆಯಿತಾ? ಅಥವಾ ಈ ರೋಲರ್ ಅನ್ನುವುದೇ ಸುಮ್ನೆ ಮಾತಾ? ಗೊತ್ತಿದ್ದವರು ಬಿಡಿಸಿ ಹೇಳಿ. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬರುತ್ತಿದೆ.


ಕೌಲ್‌ಬಜಾರ್ ಹುಡುಗ:

ಸರ್, ನಮ್ಮ ಬಳ್ಳಾರಿಯಲ್ಲಿ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಹೊರಗೆ ಹತ್ತು ನಿಮಿಷ ನಿಲ್ಲಿಸಿ, ವಾರ್ಮಪ್ ತಾನಾಗೇ ಆಗುತ್ತೆ. ಇನ್ನೊಂದು ಮಾತು, ಪ್ರಾಕ್ಟೀಸ್ ಮುಂಚೆ ಒಗ್ಗರಣೆ ಮಿರ್ಚಿ ತಿನ್ನೋದು ಬಿಡಿಸಿ. ಎರಡು ಇಂಚು ಅಲ್ಲೇ ಸಿಗುತ್ತೆ.


ರಾಯಚೂರು ಫಿಸಿಯೋ:

ಮೇಷ್ಟ್ರೇ, ನಿಮ್ಮ ಗೋಡೆಗೆ ಮೊದಲು ಒಂದು ನಮಸ್ಕಾರ. ಎಷ್ಟೋ ಜಿಮ್‌ಗಳಲ್ಲಿ ರೋಲರ್ ಇದೆ, ಅಳತೆ ಇಲ್ಲ. ನೀವು ಅಳೆದಿದ್ದೀರಿ.

ನಾನು ರಾಯಚೂರಿನಲ್ಲಿ ಹನ್ನೊಂದು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಆ ಹುಡುಗ ಕೋಚ್ ಹೇಳಿದ್ದರಲ್ಲಿ ಅರ್ಧ ನಿಜ. ರೋಲರ್‌ನಿಂದ ಮೈ ಸಡಿಲ ಆಗುತ್ತದೆ. 2013ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 11 ಯುವಕರ ಮೇಲೆ ಮಾಡಿ ನೋಡಿದ್ದಾರೆ. ಮುಂತೊಡೆಯನ್ನು ಒಂದೊಂದು ನಿಮಿಷದಂತೆ ಎರಡು ಸಲ ಉರುಳಿಸಿದ ಮೇಲೆ ಮಂಡಿ ಸುಮಾರು 10 ಡಿಗ್ರಿ ಹೆಚ್ಚು ಬಾಗಿತು. ಹತ್ತು ನಿಮಿಷ ಬಿಟ್ಟು ನೋಡಿದಾಗಲೂ 8 ಡಿಗ್ರಿಯಷ್ಟು ಉಳಿದಿತ್ತು. ಕಾಲಿನ ಬಲ ಕಡಿಮೆ ಆಗಲಿಲ್ಲ. ಈ ಕೊನೇ ಮಾತು ಮುಖ್ಯ. ಯಾಕೆಂದರೆ ನಾವೆಲ್ಲ ಶಾಲೆಯಲ್ಲಿ ಮಾಡಿದ ಹಳೇ ಸ್ಟ್ರೆಚಿಂಗ್ ಇದೆಯಲ್ಲ, ಕಾಲು ಚಾಚಿ ಹೆಬ್ಬೆರಳು ಹಿಡಿದು ಅಲ್ಲಾಡದೆ ಕೂರೋದು, ಅದನ್ನು ಒಂದೇ ಸ್ನಾಯುವಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಮಾಡಿದರೆ ಆಮೇಲಿನ ಜಿಗಿತ, ಬಲ ಸ್ವಲ್ಪ ಇಳಿಯುತ್ತದೆ. ರೋಲರ್‌ಗೆ ಆ ತಾಪತ್ರಯ ಇಲ್ಲ. ಅದು ಹೆಸರು ಮಾಡಿದ್ದೂ ಇದೇ ಕಾರಣಕ್ಕೆ.

ಆದರೆ ಸಡಿಲ ಆಗೋದು ಬೇರೆ, ಎತ್ತರ ಹಾರೋದು ಬೇರೆ. 2014ರ ಒಂದು ಪ್ರಯೋಗದಲ್ಲಿ 26 ಕಾಲೇಜು ಹುಡುಗ ಹುಡುಗಿಯರಿಗೆ ಒಂದು ದಿನ ರೋಲರ್, ಇನ್ನೊಂದು ದಿನ ಅಷ್ಟೇ ಹೊತ್ತು ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯೋದು) ಮಾಡಿಸಿದರು. ಜಿಗಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಲರ್ ದಿನ ಸುಸ್ತು ಕಡಿಮೆ ಅನ್ನಿಸಿತು, ಅಷ್ಟೇ. 2019ರಲ್ಲಿ ಜರ್ಮನಿಯವರು 21 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ತೆಗೆದರು. ಮೊದಲೇ ಉರುಳಿಸಿದರೆ ಮೈ ಬಾಗುವುದು ಶೇ 4ರಷ್ಟು, ಸಣ್ಣ ಓಟದ ವೇಗ ಶೇ 0.7ರಷ್ಟು ಹೆಚ್ಚಿತ್ತು. ಜಿಗಿತಕ್ಕೆ ಮಾತ್ರ ಲೆಕ್ಕಕ್ಕೆ ಹಿಡಿಯುವಷ್ಟು ಏನೂ ಇಲ್ಲ. ಎರಡು ಇಂಚು ಎಲ್ಲಿಂದ ಬಂತೋ ಅವರನ್ನೇ ಕೇಳಬೇಕು.

ಫೇಶಿಯಾ ಬಿಚ್ಚಿಕೊಳ್ಳುತ್ತೆ ಅನ್ನೋದನ್ನೂ ನಂಬಬೇಡಿ. ತೊಡೆಯ ಹೊರಬದಿಯ ಪೊರೆ ಎತ್ತಿನ ಬಂಡಿಯ ಹಗ್ಗದಷ್ಟು ಗಟ್ಟಿ. ಪೈಪ್ ಮೇಲೆ ಉರುಳಿದರೆ ಅದು ಉದ್ದ ಆಗಲ್ಲ. ನರಗಳು ಆ ಎಳೆತಕ್ಕೆ ಸ್ವಲ್ಪ ಹೊತ್ತು ಒಗ್ಗಿಕೊಳ್ಳುತ್ತವೆ. ಹೇಗೆ ಗೊತ್ತು ಅಂದರೆ, ಒಂದು ಕಾಲನ್ನು ಉರುಳಿಸಿದಾಗ ಮುಟ್ಟದೇ ಬಿಟ್ಟ ಇನ್ನೊಂದು ಕಾಲೂ ಸಡಿಲ ಆಗಿದ್ದನ್ನು ಅಳೆದಿದ್ದಾರೆ. ಮುಟ್ಟದ ಕಾಲಿನ ಪೊರೆ ಹೇಗೆ ಬಿಚ್ಚಿಕೊಳ್ಳುತ್ತೆ, ಅಲ್ವಾ?

ಜಿಗಿತಕ್ಕೆ ಬೇಕಾಗಿರೋದು ಸ್ನಾಯುವಿನ ಬಿಸಿ. ಸ್ನಾಯು ಒಂದು ಡಿಗ್ರಿ ಬಿಸಿಯಾದರೆ ಇಂಥ ಸಿಡಿಯುವ ಕೆಲಸ ಶೇ 2ರಿಂದ 5ರಷ್ಟು ಚುರುಕಾಗುತ್ತದೆ. ಆ ಬಿಸಿ ಓಡಿ, ಕುಪ್ಪಳಿಸಿ ಬರಬೇಕು. ಮಲಗಿ ಉರುಳಿದರೆ ಬರಲ್ಲ. ಕೌಲ್‌ಬಜಾರ್ ತಮ್ಮಾ, ಬಿಸಿಲಲ್ಲಿ ನಿಲ್ಲಿಸಿದರೆ ಮೊದಲು ಕಾಯೋದು ಚರ್ಮ ಮತ್ತು ತಲೆ. ತೊಡೆ ಅಲ್ಲ. ಮಿರ್ಚಿ ವಿಷಯದಲ್ಲಿ ನನ್ನದು ತಕರಾರಿಲ್ಲ.

ಮೇಷ್ಟ್ರೇ, ರೋಲರ್ ಜಿಗಿತ ಹೆಚ್ಚಿಸಲ್ಲ ಅನ್ನೋದು ಸರಿ. ಆದರೆ 4 ಸೆಂಟಿಮೀಟರ್ ಇಳಿಸಲೂಬಾರದು. ಅಲ್ಲಿ ಬೇರೇನೋ ಇದೆ. ಒಂದು ಅನುಮಾನ: ಗುರುವಾರ ಅವರ ಕಾಲಲ್ಲಿ ಬುಧವಾರದ ಮ್ಯಾಚಿನ ಸುಸ್ತು ಇರುತ್ತದೆ, ಸೋಮವಾರ ಭಾನುವಾರದ ರಜೆ ಇರುತ್ತದೆ. ಟೀಮನ್ನು ಎರಡು ಭಾಗ ಮಾಡಿ. ಅರ್ಧ ಜನ ಸೋಮವಾರ ಉರುಳಲಿ, ಇನ್ನರ್ಧ ಗುರುವಾರ. ಮುಂದಿನ ವಾರ ಅದಲು ಬದಲು.

ಮತ್ತೊಂದು ಮಾತು, ಇದು ಜಿಗಿತಕ್ಕಿಂತ ಮುಖ್ಯ. ಯಾರಿಗಾದರೂ ಮಂಡಿ ಚಿಪ್ಪಿನ ಕೆಳಗೆ ಎಲುಬು ಉಬ್ಬಿ, ಮುಟ್ಟಿದರೆ ನೋವಿದ್ದರೆ ಅಲ್ಲಿ ಪೈಪ್ ತಾಗಿಸಲೇಬೇಡಿ. ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಜಿಗಿಯುವ ಮಕ್ಕಳಿಗೆ ಅದು ಬರುತ್ತದೆ. ಜಿಗಿತ ಕಡಿಮೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಮೊಣಕಾಲ ಕೆಳಗಿನ ಮುಂದಿನ ಎಲುಬಿನ ಮೇಲೂ ಉರುಳಿಸಬಾರದು. ಮಾಂಸ ಇರುವಲ್ಲಿ ಮಾತ್ರ.


ತೋರಣಗಲ್ಲು ಶಿಫ್ಟ್:

ಮೇಷ್ಟ್ರೇ, ನಾನು ಓದಿದವನಲ್ಲ, ಜಿಗಿದವನು. ತೊಂಬತ್ತರ ದಶಕದಲ್ಲಿ ಕಾಲೇಜಿಗೆ ಲಾಂಗ್‌ಜಂಪ್ ಮಾಡುತ್ತಿದ್ದೆ. ಆಗ ನಮಗೆ ಗೊತ್ತಿದ್ದ ರೋಲರ್ ಅಂದರೆ ಕ್ರಿಕೆಟ್ ಪಿಚ್ ಮೇಲೆ ಎಳೆಯೋದು ಒಂದೇ. ಈಗ ತೋರಣಗಲ್ಲಿನಲ್ಲಿ ಸ್ಟೀಲ್ ಫ್ಯಾಕ್ಟರಿ ಕೆಲಸ, ನೈಟ್ ಶಿಫ್ಟ್ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ನಿದ್ದೆಗಣ್ಣು ಅಂದುಕೊಳ್ಳಿ.

ಒಂದು ಕಥೆ ಹೇಳುತ್ತೇನೆ. ಒಂದು ಮೀಟಿನಲ್ಲಿ ನಾನು ಚೆನ್ನಾಗಿ ಓಡಿ, ಕುಪ್ಪಳಿಸಿ, ಬೆವರು ಬರಿಸಿಕೊಂಡು ತಯಾರಾಗಿ ನಿಂತೆ. ಆಗ ಹೆಸರು ಕರೆಯುವವರು ಯಾವುದೋ ಪಟ್ಟಿ ಸಿಗಲಿಲ್ಲ ಅಂತ ನಮ್ಮನ್ನು ಬೇವಿನ ಮರದ ಕೆಳಗೆ ಕೂರಿಸಿದರು. ಮುಕ್ಕಾಲು ಗಂಟೆ. ಗಾಳಿ ತಣ್ಣಗೆ ಬೀಸುತ್ತಿತ್ತು. ಸುಖವಾಗಿ ಕಡಲೆಕಾಯಿ ತಿಂದೆವು. ನನ್ನ ಹೆಸರು ಕೂಗಿದರು, ಎದ್ದೆ, ಓಡಿದೆ. ಹಲಗೆ ಮೇಲೆ ಕಾಲಿಡುವಾಗ ಹಿಂತೊಡೆ ಚಟ್ ಅಂತು. ಆ ಸೀಸನ್ ಅಲ್ಲಿಗೆ ಮುಗೀತು.

ಈಗ ನನ್ನ ಪ್ರಶ್ನೆ. ನಿಮ್ಮ ಹತ್ತಿರ ಪೈಪ್ ಎರಡೇ. ಹುಡುಗಿಯರು 14. ಒಬ್ಬೊಬ್ಬಳು ಎಷ್ಟು ಹೊತ್ತು ಉರುಳುತ್ತಾಳೆ? ಉಳಿದವರು ಆಗ ಏನು ಮಾಡುತ್ತಾರೆ?

ಇನ್ನೊಂದು. ನಮ್ಮೂರ ಪಕ್ಕದಲ್ಲೇ, ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟಿನಲ್ಲಿ 2023ರ ಮಾರ್ಚ್‌ನಲ್ಲಿ ಜೆಸ್ವಿನ್ ಆಲ್ಡ್ರಿನ್ ಲಾಂಗ್‌ಜಂಪ್‌ನಲ್ಲಿ 8.42 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಆಗ ನಾನು ಡ್ಯೂಟಿಯಲ್ಲಿದ್ದೆ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಅದಕ್ಕೂ ಮುಂಚಿನ ದಾಖಲೆ ಶ್ರೀಶಂಕರ್ ಅವರದು, 8.36. ದೇಶದ ಮೊದಲಿಗನಿಗೂ ಎರಡನೆಯವನಿಗೂ ಇದ್ದ ಅಂತರ 6 ಸೆಂಟಿಮೀಟರ್. ನಿಮ್ಮ ಹುಡುಗಿ ನಿಂತಲ್ಲೇ 4 ಸೆಂಟಿಮೀಟರ್ ಕಳೆದುಕೊಂಡಳು ಅಂದರೆ ಸಣ್ಣ ಮಾತಲ್ಲ. ಪೈಪನ್ನು ಬೈಯೋ ಮುಂಚೆ ಗಡಿಯಾರ ನೋಡಿ.


ಸಿರುಗುಪ್ಪ ಪಿಟಿ ಮೇಷ್ಟ್ರು:

ತೋರಣಗಲ್ಲು ಅಣ್ಣಾವ್ರೇ, ನಿಮ್ಮ ಪ್ರಶ್ನೆ ಓದಿ ನಾನು ಹಣೆ ಚಚ್ಚಿಕೊಂಡೆ.

ಒಬ್ಬೊಬ್ಬರಿಗೆ ಐದು ನಿಮಿಷ ಕೊಡುತ್ತಿದ್ದೆ. ಎರಡು ಪೈಪ್, ಏಳು ಸರದಿ, 35 ನಿಮಿಷ. ಎಲ್ಲರದೂ ಮುಗಿದ ಮೇಲೆ ಗೋಡೆ ಹತ್ತಿರ ಹೋಗುತ್ತಿದ್ದೆವು. ಅಂದರೆ ಮೊದಲು ಉರುಳಿದವರು ಅರ್ಧ ಗಂಟೆ ಕಟ್ಟೆ ಮೇಲೆ ಕೂತು ಹರಟೆ. ಕೊನೆಗೆ ಉರುಳಿದವರು ಓಟ ಮುಗಿಸಿ ಅರ್ಧ ಗಂಟೆ ಸಾಲಲ್ಲಿ ನಿಂತು ಹರಟೆ. ಸೋಮವಾರ ಓಡಿದ ಕೂಡಲೇ ಜಿಗಿಸುತ್ತಿದ್ದೆ. ಇಷ್ಟು ದಿನ ನಾನು ಅಳೆದಿದ್ದು ರೋಲರನ್ನಲ್ಲ, ನಮ್ಮ ಕ್ಯೂ ಅನ್ನು! ರೇಷನ್ ಅಂಗಡಿ ಮುಂದೆ ನಿಂತು ಬಂದವರನ್ನು ಜಿಗೀರಿ ಅಂದ ಹಾಗಾಯಿತು.

ಇನ್ನೂ ಇದೆ, ಕೇಳಿ. ಆ ಎಂಟನೇ ಕ್ಲಾಸಿನ ಚಿಕ್ಕವಳು, ಗುರುವಾರ 2 ಸೆಂಟಿಮೀಟರ್ ಜಾಸ್ತಿ ಹಾರಿದವಳು, ಅವಳಿಗೆ ಕೂರೋದು ಗೊತ್ತೇ ಇಲ್ಲ. ನಾನು ಎಷ್ಟು ಗದರಿದರೂ ಸಾಲಿನ ಪಕ್ಕದಲ್ಲೇ ಮಣ್ಣಿನಲ್ಲಿ ಮನೆ ಗೀಚಿಕೊಂಡು ಕುಂಟೆಬಿಲ್ಲೆ ಆಡುತ್ತಿರುತ್ತಾಳೆ. "ಏಯ್, ಸುಮ್ನೆ ನಿಂತ್ಕೋ" ಅಂತ ಮೂರು ವಾರ ಬೈದಿದ್ದೇನೆ. ಟೀಮಿನಲ್ಲಿ ಸರಿಯಾಗಿ ವಾರ್ಮಪ್ ಮಾಡಿದವಳು ಅವಳೊಬ್ಬಳೇ ಅಂತ ಈಗ ಕಾಣುತ್ತಿದೆ.

ಮೇಡಂ, ಮಂಡಿ ವಿಷಯ ಹೇಳಿದ್ದು ಒಳ್ಳೇದಾಯಿತು. ಒಬ್ಬಳಿಗೆ ನೀವು ಹೇಳಿದ ಹಾಗೇ ಉಬ್ಬು ಇದೆ. ನೋವಿದೆ ಅಂದರೆ ಟೀಮಿನಿಂದ ತೆಗೀತಾರೆ ಅಂತ ಹೆದರಿ ಹೇಳಿರಲಿಲ್ಲ. ಅವರಪ್ಪನ ಜೊತೆ ಮಾತಾಡಿದ್ದೇನೆ. ಸದ್ಯಕ್ಕೆ ಅವಳು ಸ್ಕೋರ್ ಬರೆಯುತ್ತಾಳೆ, ಸರ್ವಿಸ್ ಪ್ರಾಕ್ಟೀಸ್ ಮಾಡುತ್ತಾಳೆ. ಹೊಸದಾಗಿ ಅಳೆದು ಬಂದು ಬರೆಯುತ್ತೇನೆ.


ಕೊಪ್ಪಳ ಅಮ್ಮ:

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗ ಕೊಪ್ಪಳದಲ್ಲಿ ಪಿಯುಸಿ, ಹೈಜಂಪ್ ಮಾಡುತ್ತಾನೆ. ಅವನ ಹತ್ತಿರ ಅಂಗಡಿ ರೋಲರ್ರೇ ಇದೆ, ಅವನ ಮಾವ ಬೆಂಗಳೂರಿನಿಂದ ತಂದುಕೊಟ್ಟ. ಮುಳ್ಳು ಮುಳ್ಳಿನದು. ಅದರ ಮೇಲೆ ಅರ್ಧ ಗಂಟೆ ಹಲ್ಲು ಕಚ್ಚಿಕೊಂಡು ಉರುಳುತ್ತಾನೆ, ತೊಡೆಯೆಲ್ಲ ಕಂದುಗಟ್ಟಿರುತ್ತದೆ. ನೋವಾದರೇನೇ ಕೆಲಸ ಮಾಡುತ್ತೆ ಅಮ್ಮ ಅನ್ನುತ್ತಾನೆ. ಹೌದಾ?


ರಾಯಚೂರು ಫಿಸಿಯೋ:

ಅಕ್ಕಾ, ಇಲ್ಲ. ಕಂದುಗಟ್ಟಿತು ಅಂದರೆ ಒಳಗೆ ಪೆಟ್ಟಾಗಿದೆ ಅಂತ ಅರ್ಥ. ಒತ್ತಿದಾಗ ಹಾಯ್ ಅನ್ನಿಸಬೇಕು, ಅಯ್ಯೋ ಅನ್ನಿಸಬಾರದು. ಒಂದು ಸ್ನಾಯುವಿಗೆ ಅರ್ಧ ನಿಮಿಷದಿಂದ ಒಂದು ನಿಮಿಷ, ನಿಧಾನವಾಗಿ, ಸಾಕು. ಅವನನ್ನು ಚಪ್ಪಲಿ ಇಲ್ಲದೆ ಕುಕ್ಕರಗಾಲಲ್ಲಿ ಕೂರಿಸಿ ನೋಡಿ. ಹಿಮ್ಮಡಿ ನೆಲಬಿಟ್ಟು ಮೇಲೇಳುತ್ತಾ? ಎದ್ದರೆ ಮೀನಖಂಡ ಬಿಗಿ ಇರಬಹುದು. ಅದನ್ನು ಮಾತ್ರ ಉರುಳಿಸಲಿ. ಆಮೇಲೆ ಎದ್ದು ಓಡಲಿ, ಕಾಲು ಬೀಸಲಿ, ಸಣ್ಣ ಸಣ್ಣ ಜಿಗಿತ ಹಾಕಲಿ. ಅರ್ಧ ಗಂಟೆ ಉರುಳೋ ಆಸೆ ಇದ್ದರೆ ರಾತ್ರಿ ಟಿವಿ ಮುಂದೆ, ಮೆತ್ತಗಿನ ರೋಲರ್ ಮೇಲೆ. ಪ್ರಾಕ್ಟೀಸ್ ಆದಮೇಲೆ ಉರುಳಿದರೆ ಮರುದಿನದ ಮೈಕೈ ನೋವು ಸ್ವಲ್ಪ ಕಡಿಮೆ ಇರುತ್ತದೆ. ರೋಲರ್‌ನ ನಿಜವಾದ ಉಪಯೋಗ ನನ್ನ ಪ್ರಕಾರ ಅದೇ.


ಸಿರುಗುಪ್ಪ ಪಿಟಿ ಮೇಷ್ಟ್ರು (ಒಂದು ತಿಂಗಳಾದ ಮೇಲೆ):

ತಡವಾಯಿತು. ನಡುವೆ ಮಳೆ ಬಂದು ಗೋಡೆಯ ಗೆರೆಯೆಲ್ಲ ತೊಳೆದುಹೋಗಿತ್ತು. ನೋಟ್‌ಬುಕ್ ಉಳಿದಿದೆ.

ಇನ್ನೆರಡು ಪೈಪ್ ಮಾಡಿದೆ, ಒಟ್ಟು ನಾಲ್ಕು. ಬುಧವಾರದ ಮ್ಯಾಚನ್ನು ಶುಕ್ರವಾರಕ್ಕೆ ಹಾಕಿದೆ. ಮಂಡಿ ನೋವಿನವಳನ್ನು ಬಿಟ್ಟು ಉಳಿದ 13 ಜನರನ್ನು ಆರು, ಏಳು ಅಂತ ಭಾಗ ಮಾಡಿ, ಮೇಡಂ ಹೇಳಿದಂತೆ ವಾರವಾರ ಅದಲು ಬದಲು. ಉರುಳುವವರಿಗೆ ಮೀನಖಂಡ, ಮುಂತೊಡೆ ಅರ್ಧರ್ಧ ನಿಮಿಷ, ಎರಡೂ ಕಾಲು ಸೇರಿ ಎರಡೇ ನಿಮಿಷ. ಪೈಪ್ ಸಿಗದವರು ಕೂರುವ ಹಾಗಿಲ್ಲ, ಕುಂಟೆಬಿಲ್ಲೆ. ಮೈದಾನದ ಮೂಲೆಯಲ್ಲಿ ಚಿಕ್ಕವಳೇ ನಾಲ್ಕು ಮನೆ ಗೀಚಿಕೊಟ್ಟಳು. ಉರುಳಿದವರೂ ಉರುಳದವರೂ ಕೊನೆಗೆ ಎರಡು ಚಿಕ್ಕ ಓಟ, ಮೂರು ಅರ್ಧ ಜೋರಿನ ಜಿಗಿತ ಮುಗಿಸಿ ಎರಡು ನಿಮಿಷದೊಳಗೆ ಗೋಡೆ ಹತ್ತಿರ ಬರಬೇಕು. ಕೈಯಲ್ಲಿ ಗಡಿಯಾರ ಹಿಡಿದು ನಾನೇ ನಿಂತೆ.

ನಾಲ್ಕು ವಾರದ ಲೆಕ್ಕ. ಉರುಳಿದ ದಿನಕ್ಕೂ ಉರುಳದ ದಿನಕ್ಕೂ ಒಬ್ಬೊಬ್ಬರಲ್ಲಿ ಒಂದು ಸೆಂಟಿಮೀಟರ್ ಆಕಡೆ ಈಕಡೆ. ಎಲ್ಲರದೂ ಸರಾಸರಿ ತೆಗೆದರೆ ಅರ್ಧ ಸೆಂಟಿಮೀಟರೂ ವ್ಯತ್ಯಾಸ ಇಲ್ಲ. ಅರ್ಧ ಸೆಂಟಿಮೀಟರ್ ಅಂದರೆ ನಮ್ಮ ಸುಣ್ಣದ ಗೆರೆಯ ದಪ್ಪ. ಮೇಡಂ ಹೇಳಿದ್ದು ಹಾಗೆ ಹಾಗೇ ಬಂತು. ಆದರೆ ಎರಡೂ ಬಗೆಯ ದಿನ ಹೆಚ್ಚಿನವರು ಮೊದಲಿನ ಸೋಮವಾರಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆಯೇ ಇದ್ದರು. ಅದು ಕುಂಟೆಬಿಲ್ಲೆಯದೋ, ತಿಂಗಳ ಪ್ರಾಕ್ಟೀಸಿನದೋ, ನಾನು ಗಡಿಯಾರ ಹಿಡಿದು ನಿಂತಿದ್ದರ ಭಯವೋ, ಬಿಡಿಸಿ ಹೇಳೋಕೆ ಆಗಲ್ಲ.

ಇಬ್ಬರು ಹುಡುಗಿಯರು ಮಾತ್ರ ಉರುಳದಿದ್ದರೆ ಕಾಲು ಹಗುರ ಅನ್ನಿಸಲ್ಲ ಸರ್ ಅನ್ನುತ್ತಾರೆ. ಅವರ ಅಂಕಿಯಲ್ಲಿ ಏನೂ ಕಾಣಲ್ಲ. ಆದರೂ ಎರಡು ನಿಮಿಷ ತಾನೇ, ಉರುಳಲಿ ಅಂತ ಬಿಟ್ಟಿದ್ದೇನೆ. ಉಳಿದವರಿಗೆ ಪೈಪ್ ಈಗ ಪ್ರಾಕ್ಟೀಸ್ ಆದಮೇಲೆ.

ತಾಲ್ಲೂಕಿನಲ್ಲಿ ಏನಾಯಿತು ಅಂತ ಕೇಳುತ್ತೀರಿ. ಸೆಮಿಫೈನಲ್‌ನಲ್ಲಿ ಸೋತೆವು. ಎದುರಿನ ಟೀಮಿನಲ್ಲಿ ಒಬ್ಬಳು ನನಗಿಂತ ಎತ್ತರ ಇದ್ದಳು, ಅದಕ್ಕೆ ಯಾವ ವಾರ್ಮಪ್ಪೂ ಇಲ್ಲ. ಆದರೆ ನಮ್ಮ ಆಟ ಒಂದು ಗಂಟೆ ತಡ ಆದಾಗ ನಮ್ಮ ಹುಡುಗಿಯರು ಕೂರಲಿಲ್ಲ. ಮೈದಾನದ ಅಂಚಿನಲ್ಲಿ ಮನೆ ಗೀಚಿ ಕುಂಟುತ್ತಿದ್ದರು. ಬೇರೆ ಶಾಲೆಯವರು ನಿಂತು ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರಲ್ಲೂ ಮೂರು ಜನ ಆಡೋಕೆ ಸೇರಿಕೊಂಡರು.

ತೋರಣಗಲ್ಲು ಅಣ್ಣಾವ್ರೇ, ಮುಂದಿನ ಸಲ ನಿಮ್ಮ ಕಡೆ ಜಂಪ್ಸ್ ಮೀಟ್ ನಡೆದರೆ ಹೇಳಿ. ಹುಡುಗಿಯರನ್ನು ಕರೆದುಕೊಂಡು ಬರುತ್ತೇನೆ. ಡ್ಯೂಟಿ ಬದಲಾಯಿಸಿಕೊಳ್ಳಿ.

ಮರೆತಿದ್ದೆ. ಈಗ ಪೈಪ್ ಮೂರೇ ಇವೆ. ಬಿಸಿಯೂಟದ ಅಕ್ಕ ದಿನವೂ ಒಲೆ ಮುಂದೆ ನಿಂತು ಮೀನಖಂಡ ಹಿಡಿದುಕೊಳ್ಳುತ್ತೆ ಅನ್ನುತ್ತಿದ್ದರು. ಹುಡುಗಿಯರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲ ಕೆಳಗೆ ಪೈಪ್ ಇಟ್ಟು ಉರುಳಿಸೋದು ಹೇಳಿಕೊಟ್ಟರು. ಆವತ್ತಿನಿಂದ ಒಂದು ಲಟ್ಟಣಿಗೆ ಅಡುಗೆಕೋಣೆಯಲ್ಲೇ ಇದೆ, ಬೇಳೆ ಡಬ್ಬಿ ಪಕ್ಕ. ವಾಪಸ್ ಕೇಳಿದೆ. "ಮೊದಲು ನನ್ನ ಗೋಡೆಗೆ ಸುಣ್ಣ ಹೊಡೆಸಿ, ಆಮೇಲೆ ಕೇಳ್ರಿ ಸರ್" ಎಂದರು.